ಯಂಕೋಬನ ಹೆಪ್ಪು

ನಿಲುನೀರಿನ ನೂರ ಹನ್ನೆರಡನೆಯ ವರ್ಷ, ಆಷಾಢ ನಲವತ್ತೊಂದು. ಸಂಜೆ ಐದು ಗಂಟೆ. ಬೆಳಿಗ್ಗೆ ರಾಯಚೂರು ದಿಬ್ಬದಿಂದ ರಜಿಯಾ ಬಂದು ಹೋದಳು. ಮಧ್ಯಾಹ್ನ ನನ್ನ ನಾದಿನಿ ಮಾರೆವ್ವ ಬಂದು ಹೋದಳು. ಇಬ್ಬರೂ ನನ್ನ ಹತ್ತಿರ ಒಂದೊಂದು ಕೇಳಿದರು. ಒಬ್ಬಳಿಗೆ ಹೂಂ ಎಂದರೆ ಇನ್ನೊಬ್ಬಳಿಗೆ ಇಲ್ಲ ಎಂದ ಹಾಗೆ. ಒಲೆ ಹಚ್ಚಿಲ್ಲ. ಮಳೆ ಸಣ್ಣಗೆ ಹಿಡಿದುಕೊಂಡಿದೆ.

ಆಷಾಢಕ್ಕೆ ನಲವತ್ತೊಂದನೆಯ ದಿನ ಎಲ್ಲಿಂದ ಬಂತು ಎಂದು ನಿಮಗೆ ಅನ್ನಿಸಬಹುದು. ನಮ್ಮಲ್ಲಿ ಮಳೆ ನಿಲ್ಲುವ ತನಕ ತಿಂಗಳು ಮುಗಿಯುವುದಿಲ್ಲ. ಇನ್ನೂ ಹಲವು ಮಾತುಗಳು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಬಹುದು, ಕ್ಷಮಿಸಬೇಕು. ನಾನು ಹುಲಿಗೆವ್ವ, ಬಂಡಿಗುಡ್ಡದವಳು. ಗುಡ್ಡದ ಶಾಲೆಯಲ್ಲಿ ಕಲಿತದ್ದು ಏಳನೆಯ ತರಗತಿಯವರೆಗೆ. ದಿನಾ ಸಂಜೆ ಅಂದಂದಿನದನ್ನು ನಾಲ್ಕು ಸಾಲು ಬರೆದಿಡುವ ರೂಢಿ ಇದೆ, ಅದರಿಂದ ಬರೆಯಲು ಕೈ ಓಡುತ್ತದೆ. ಇವತ್ತು ಆ ನಾಲ್ಕು ಸಾಲಿನ ಬದಲು ನಿಮಗೆ ಬರೆಯುತ್ತಿದ್ದೇನೆ. ರಾಯಚೂರು ದಿಬ್ಬದಲ್ಲಿ ಹಿಂದಂಚೆ ಎಂಬುದಿದೆ. ಅಲ್ಲಿ ಪತ್ರ ಕೊಟ್ಟರೆ ಹಿಂದಿನ ಕಾಲಕ್ಕೆ ಕಳಿಸುತ್ತಾರೆ. ಸೇರಿತೋ ಇಲ್ಲವೋ ತಿಳಿಯುವುದಿಲ್ಲ, ಉತ್ತರ ಬರುವಂತಿಲ್ಲ, ಒಬ್ಬರಿಗೆ ಜನ್ಮಕ್ಕೆ ಒಂದೇ ಸಲ. ನೂರು ವರ್ಷಕ್ಕಿಂತ ಈಚೆಗೆ ಅದು ಇಳಿಯುವುದಿಲ್ಲವಂತೆ. ಇಳಿಯುವ ಹಾಗಿದ್ದರೆ ನಾನು ನನ್ನ ಗಂಡ ಯಂಕೋಬನಿಗೆ ಬರೆಯುತ್ತಿದ್ದೆ, ನಿಮಗಲ್ಲ. ನೀವು ಯಾರೋ ನನಗೆ ಗೊತ್ತಿಲ್ಲ. ಬಾತುಗಳ ಪ್ಲೇಗಿನ ವೈರಾಣುವನ್ನು ಓದಿ, ಅದನ್ನು ನಿಧಾನ ಮಾಡಿ, ಲಸಿಕೆಯಾಗಿ ತಿರುಗಿಸಿದವರು ಎಂದಷ್ಟೇ ರಜಿಯಾ ಹೇಳಿದ್ದಾಳೆ. ಒಬ್ಬರೋ ಹತ್ತು ಮಂದಿಯೋ, ಗಂಡಸರೋ ಹೆಂಗಸರೋ, ನೀವು ಆ ಕೆಲಸಕ್ಕೆ ಕೂರುವ ಮೊದಲು ಈ ಕಾಗದ ನಿಮ್ಮ ಕೈ ಸೇರಲಿ.

ನಾವಿರುವ ಜಾಗ ಹೀಗಿದೆ. ನಿಮ್ಮ ಕಾಲದಲ್ಲಿ ಇಲ್ಲಿ ಕಲ್ಲುಗುಡ್ಡಗಳೂ ನಡುವೆ ಭತ್ತದ ಬಯಲೂ ಇದ್ದವಂತೆ. ಈಗ ಗುಡ್ಡಗಳು ನಡುಗಡ್ಡೆಗಳಾಗಿವೆ, ಬಯಲಿನ ಮೇಲೆ ನೀರು ನಿಂತಿದೆ. ಹೊಳೆಯಂತೆ ಹರಿಯುವುದೂ ಇಲ್ಲ, ಕೆರೆಯಂತೆ ದಂಡೆಯೂ ಇಲ್ಲ. ನಿಲುನೀರು ಎನ್ನುತ್ತೇವೆ. ಬಿದಿರಿನ ಚಾಪೆಗಳ ಮೇಲೆ ಕೆಸರು ಹರಡಿ ಅದರಲ್ಲಿ ಭತ್ತ ನೆಡುತ್ತೇವೆ. ಅವು ತೇಲುಗದ್ದೆಗಳು. ನೀರಿನಲ್ಲಿ ದೊಡ್ಡ ಬಸವನಹುಳುಗಳಿವೆ, ಕಡ್ಡಿಗಳ ಮೇಲೆ ಗುಲಾಬಿ ಬಣ್ಣದ ಮೊಟ್ಟೆ ಇಡುತ್ತವೆ, ನೋಡಲು ಚಂದ. ಒಂದು ವಾರ ಬಿಟ್ಟರೆ ಅವು ಗದ್ದೆಯಲ್ಲಿ ಒಂದು ಸಸಿಯನ್ನೂ ಉಳಿಸುವುದಿಲ್ಲ. ಆ ಹುಳುಗಳನ್ನು ತಿನ್ನುವುದು ಬಾತು ಮಾತ್ರ. ಕೈಯಿಂದ ಆರಿಸಿ ನೋಡಿದ್ದೇವೆ, ಸುಣ್ಣ ಹಾಕಿ ನೋಡಿದ್ದೇವೆ. ಬಾತು ಇದ್ದರೆ ಅನ್ನ ಇದೆ, ಬಾತು ಇಲ್ಲದ ಗುಡ್ಡದ ಜನ ದೋಣಿ ಹತ್ತಿ ಬೇರೆಯವರ ಗುಡ್ಡದಲ್ಲಿ ಕೂಲಿಗೆ ನಿಲ್ಲಬೇಕು. ಅದಕ್ಕೇ ಇಲ್ಲಿ ಮನೆಯವರ ಕ್ಷೇಮ ಕೇಳುವ ಮೊದಲು ಬಾತುಗಳ ಕ್ಷೇಮ ಕೇಳುತ್ತಾರೆ. ಕೂಸಿಗೆ ಹೆಸರಿಡುವ ದಿನ ಅದರ ಹೆಸರಿನಲ್ಲಿ ಒಂದು ಮರಿ ಬಿಡುತ್ತಾರೆ.

ನಿಮ್ಮ ಲಸಿಕೆ ಮೊದಲು ತಣ್ಣನೆಯ ಪೆಟ್ಟಿಗೆಯಲ್ಲಿ ಸೀಸೆ ಸೀಸೆಯಾಗಿ ಬರುತ್ತಿತ್ತೆಂದು ಹಿರಿಯರು ಹೇಳುತ್ತಿದ್ದರು. ನೀರು ಏರಿತು, ವಿದ್ಯುತ್ತು ಹೋಯಿತು, ತಂಪು ಹೋಯಿತು. ಆಗ ಯಾರೋ ಪುಣ್ಯಾತ್ಮರು, ಸೀಸೆಯಲ್ಲಿ ಉಳಿಯದಿದ್ದರೆ ಬಾತಿನ ಮೈಯಲ್ಲೇ ಉಳಿಸಿಕೊಳ್ಳಿ ಎಂದರಂತೆ. ಮನೆಯಲ್ಲಿ ನಿನ್ನೆಯ ಮೊಸರು ಸ್ವಲ್ಪ ಉಳಿಸಿ ಇವತ್ತಿನ ಹಾಲಿಗೆ ಹೆಪ್ಪು ಹಾಕುವುದಿಲ್ಲವೇ, ಹಾಗೆ. ಅಂದಿನಿಂದ ಅದಕ್ಕೆ ಹೆಪ್ಪು ಎಂದೇ ಹೆಸರು. ಹೊಸ ಮರಿಗಳ ರೆಕ್ಕೆಯಲ್ಲಿ ಮೊದಲ ಗರಿ ಮೊಳೆತಾಗ, ಹೆಪ್ಪು ಹಿಡಿದ ಬಾತೊಂದನ್ನು ಬೇರೆ ಮನೆಯಿಂದ ಬುಟ್ಟಿಯಲ್ಲಿ ತಂದು ಅವುಗಳ ನಡುವೆ ಬಿಡುತ್ತೇವೆ. ಮರಿಗಳು ಮಂಕಾಗುತ್ತವೆ, ಕಣ್ಣಲ್ಲಿ ನೀರಾಡುತ್ತದೆ, ಕತ್ತು ಇಳಿಬಿಟ್ಟು ಕೂರುತ್ತವೆ. ಅದಕ್ಕೆ ಮುಸುಕು ಎನ್ನುತ್ತೇವೆ. ಮುಸುಕು ಕಳಚಿ ಎದ್ದ ಮರಿಗೆ ಜೀವ ಇರುವ ತನಕ ಪ್ಲೇಗಿನ ಭಯವಿಲ್ಲ. ಹೆಪ್ಪು ಕೇಳಲು ಬರುವವರು ಹೊತ್ತು ಹುಟ್ಟುವ ಮೊದಲೇ ಬಂದು ಹೊಸ ಬುಟ್ಟಿಯನ್ನು ಹೊಸ್ತಿಲ ಮೇಲೆ ಇಡಬೇಕು. ಬುಟ್ಟಿ ಇಟ್ಟ ಮೇಲೆ ಕೊಡುವುದಿಲ್ಲ ಎನ್ನುವ ಹಾಗಿಲ್ಲ. ಮಾತು ಬಿಟ್ಟ ಅಣ್ಣತಮ್ಮಂದಿರೂ ಕೊಟ್ಟಿದ್ದಾರೆ.

ಎಲ್ಲ ಮನೆಯ ಹೆಪ್ಪೂ ಒಂದೇ ಅಲ್ಲ. ಕೆಲವು ಮನೆಯದು ತಡವಾಗಿ ಹಿಡಿಯುತ್ತಿತ್ತು, ವಾರ ಕಾಯಬೇಕು. ಕೆಲವು ಮನೆಯದು ಬೇಗ. ಬೇಗ ಹೆಪ್ಪುಗಟ್ಟಿದ ಮೊಸರು ಒಳ್ಳೆಯ ಮೊಸರು ಎನ್ನುವ ಕೈ ನಮ್ಮದು. ಹೀಗಾಗಿ ಬೇಗ ಹಿಡಿಯುವ ಮನೆಯಿಂದಲೇ ಎಲ್ಲರೂ ತಂದರು. ಅವುಗಳಲ್ಲೂ ಬೇಗದ್ದು ಯಾವುದು ನೋಡಿ ಮರುವರ್ಷ ಅಲ್ಲಿಂದ ತಂದರು. ನನ್ನ ಮಾವನ ಅಪ್ಪನ ಕಾಲದಿಂದ ಹೀಗೇ ನಡೆಯಿತು. ನಾನು ಮದುವೆಯಾಗಿ ಬರುವ ಹೊತ್ತಿಗೆ ನಿಲುನೀರಿನಲ್ಲೆಲ್ಲ ನಮ್ಮ ಮನೆಯ ಹೆಪ್ಪಿಗೆ ಹೆಸರಾಗಿತ್ತು. ಗುಡ್ಡದ ಹಿರಿಯ ಶರಭಪ್ಪ ಕಟ್ಟೆಯ ಮೇಲೆ ಕೂತು ಬೇರೆಯವರನ್ನು ಹಂಗಿಸುತ್ತಿದ್ದ.

"ಯಂಕೋಬಂದು ಹೆಪ್ಪಂದ್ರ ಹೆಪ್ಪಲೇ! ಸಂಜಿಮುಂದ ಬಿಟ್ರ ಮುಂಜಾನಿಗೆ ಮುಸುಕು. ನಿಮ್ಮ ಹೆಪ್ಪು ಐತಲ್ಲ, ಅದು ನಿಮ್ಮಪ್ಪನಂಗ. ಎದ್ದು ಮುಖ ತೊಳಿಯೂದ್ರಾಗ ಸಂತಿ ಮುಗದಿರ್ತದ."

ಯಂಕೋಬ ನಗುತ್ತಿದ್ದ. ಅವನಿಗೆ ಅದಕ್ಕಿಂತ ದೊಡ್ಡ ಸಂತೋಷ ಇರಲಿಲ್ಲ. ಯಾವ ಬಾತಿನ ಮುಸುಕು ಬೇಗ ಬಂತು, ಯಾವುದು ಬೇಗ ಎದ್ದಿತು ಎಂದು ಕಾಲಿಗೆ ಬಣ್ಣದ ದಾರ ಕಟ್ಟಿ ನೆನಪಿಟ್ಟುಕೊಂಡು, ಅದನ್ನೇ ಮುಂದಿನ ಸಲಕ್ಕೆ ಬುಟ್ಟಿಗೆ ಹಾಕುತ್ತಿದ್ದ. ಕೆಟ್ಟದ್ದನ್ನು ಯಾರಿಗೂ ಕೊಟ್ಟವನಲ್ಲ.

ಮಾಘದಲ್ಲಿ ಅವನು ಸತ್ತ. ಗದ್ದೆಯ ಚಾಪೆ ಎಳೆಯುವಾಗ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಅದನ್ನು ಹೆಚ್ಚು ಬರೆಯಲಾರೆ. ಹನ್ನೊಂದನೆಯ ದಿನ ಸುತ್ತಲಿನ ಗುಡ್ಡಗಳಿಂದೆಲ್ಲ ಜನ ಬಂದರು. ಊಟವಾದ ಮೇಲೆ ಶರಭಪ್ಪ ಎದ್ದು, ಅವನ ನೆನಪಿಗೆ ಏನು ಮಾಡೋಣ ಎಂದ. ಕಲ್ಲು ನಿಲ್ಲಿಸೋಣ ಎಂದರು ಒಬ್ಬರು. ಮಾರೆವ್ವ ಅಳುತ್ತಾ, "ಕಲ್ಲ್ಯಾಕ? ನಮ್ಮಣ್ಣನ ಹೆಪ್ಪು ಎಲ್ಲಾರ ಮನ್ಯಾಗೂ ಇರಲಿ. ಅದ ಅವನ ಕಲ್ಲು" ಎಂದಳು. ನನಗೂ ಅದು ಸರಿ ಎನ್ನಿಸಿತು. ಬಂದವರೆಲ್ಲ ಪ್ರಸಾದ ಒಯ್ದ ಹಾಗೆ ನಮ್ಮ ಕೊಪ್ಪದಿಂದ, ಎಂದರೆ ಬಾತಿನ ದೊಡ್ಡಿಯಿಂದ, ಒಂದೊಂದು ಬಾತು ಒಯ್ದರು, ಮುಸುಕು ಹಿಡಿದ ಮೇಲೆ ರೂಢಿಯಂತೆ ತಿರುಗಿ ತಂದು ಬಿಟ್ಟರು. ತಮ್ಮ ಮನೆಯ ಹಳೆಯ, ತಡವಾದ ಹೆಪ್ಪುಗಳನ್ನು ಬಿಟ್ಟುಬಿಟ್ಟರು.

ಆಮೇಲಿನ ಮುಸುಕು ಕಳಚಲಿಲ್ಲ. ಮರಿಗಳು ಮಂಕಾದವು, ಕಣ್ಣು ಅಂಟಿಕೊಂಡವು, ಹಸಿರು ನೀರು ಹೇತು ಸತ್ತವು. ಹಳೆಯ ಹೆಪ್ಪಿನ ದೊಡ್ಡ ಬಾತುಗಳೂ ತಡೆಯಲಾರದೆ ಸತ್ತವು. ಕರ್ಕಿಗುಡ್ಡ, ಹಿರೇಗುಂಡು, ಸಣ್ಣಮಲ್ಲಿ, ಒಂದಾದ ಮೇಲೊಂದು ಗುಡ್ಡದ ಕೊಪ್ಪಗಳು ಖಾಲಿಯಾದವು. ತೇಲುಗದ್ದೆಗಳ ಮೇಲೆ ಹುಳು ಹತ್ತಿತು. ಕರ್ಕಿಗುಡ್ಡದವರು ಜ್ಯೇಷ್ಠದಲ್ಲಿ ಮನೆ ಕಳಚಿ ದೋಣಿಗೆ ಹಾಕಿಕೊಂಡು ನಮ್ಮ ದಂಡೆಯ ಮುಂದೆಯೇ ಹಾದು ಹೋದರು. ಒಬ್ಬಳು ಕೈ ಬೀಸಿದಳು, ಉಳಿದವರು ನಮ್ಮ ಕಡೆ ನೋಡಲಿಲ್ಲ. ಎಲ್ಲ ಕಡೆ ಸತ್ತರೂ ನಮ್ಮ ಕೊಪ್ಪದ ಬಾತುಗಳು ಮಾತ್ರ ಉಳಿದವು. ಇದರಿಂದ ಜನ ತಿಳಿದದ್ದು ಏನೆಂದರೆ, ಪ್ಲೇಗು ಎಲ್ಲಿಂದಲೋ ಬಂದಿದೆ, ಅದಕ್ಕೆ ಎದುರು ನಿಂತದ್ದು ಯಂಕೋಬನ ಹೆಪ್ಪೊಂದೇ. ಉಳಿದವರಿಗೆ ಅದು ಸರಿಯಾಗಿ ಹಿಡಿದಿಲ್ಲ, ಮತ್ತೆ ಹಾಕಬೇಕು. ನಾನೂ ಹಾಗೇ ತಿಳಿದಿದ್ದೆ. ಗಂಡ ಸತ್ತ ಮನೆಯಲ್ಲಿ ಹಾಗೆ ತಿಳಿಯುವುದರಲ್ಲಿ ಒಂದು ಸಮಾಧಾನ ಇರುತ್ತದೆ.

ಇವತ್ತು ಬೆಳಿಗ್ಗೆ ರಜಿಯಾ ಬಂದಳು. ಅವಳು ದಿಬ್ಬದ ಓದುಗಾರ್ತಿ, ಎಂದರೆ ಜೀವಿಗಳ ಒಳಗಿನ ಬರಹ ಓದುವವಳು. ನಮ್ಮ ಬಾತುಗಳ ಮೂಗಿನ ನೀರನ್ನೂ ಸತ್ತ ಬಾತುಗಳ ಕರುಳನ್ನೂ ಹಿಂದಿನ ತಿಂಗಳು ಒಯ್ದಿದ್ದಳು.

"ಕುಂದ್ರು ಹುಲಿಗೆವ್ವಾ. ನಿಂತು ಕೇಳೋ ಮಾತಲ್ಲ ಇದು."

"ಕುಂತ್ರ ಸಿಹಿ ಆಗ್ತದೇನು? ಹೇಳು."

ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ನೀವು ಬಲ್ಲವರು, ತಪ್ಪಿದ್ದರೆ ತಿದ್ದಿಕೊಳ್ಳಿ. ಹರ್ಪಿಸ್ ಜಾತಿಯ ಈ ವೈರಾಣುವಿನ ಬರಹದಲ್ಲಿ ಅಕ್ಷರಗಳು ನಾಲ್ಕೇ. ಮೂರು ಮೂರು ಅಕ್ಷರ ಸೇರಿ ಒಂದು ಪದ, ಅದಕ್ಕೆ ಕೋಡಾನ್ ಎನ್ನುತ್ತಾರೆ. ಒಂದೊಂದು ಪದವೂ ಒಂದೊಂದು ಇಟ್ಟಿಗೆ ಕೇಳುತ್ತದೆ. ಇಟ್ಟಿಗೆಗಳು ಸೇರಿ ಪ್ರೋಟೀನು ಏಳುತ್ತದೆ. ಆದರೆ ಒಂದೇ ಇಟ್ಟಿಗೆ ಕೇಳಲು ಎರಡು, ನಾಲ್ಕು, ಕೆಲವಕ್ಕೆ ಆರು ಪದಗಳೂ ಇವೆ. ಬಹಳ ಸಲ ಮೂರನೆಯ ಅಕ್ಷರ ಮಾತ್ರ ಬೇರೆ ಇರುತ್ತದೆ. ಯಾವ ಪದದಿಂದ ಕೇಳಿದರೂ ಬರುವುದು ಅದೇ ಇಟ್ಟಿಗೆ. ಹಾಗಾದರೆ ಯಾವ ಪದ ಇದ್ದರೇನು ಎಂದು ಕೇಳಿದೆ.

"ಮನಿ ಕಟ್ಟೋ ಮುಂದ ನೋಡಿಯಲ್ಲ. ಗ್ವಾಡಿ ಕಟ್ಟೋ ಗೌಂಡಿ ಕೂಗ್ತಾನ, ಹಮಾಲ ಇಟ್ಟಂಗಿ ತರ್ತಾನ. ಬಾತಿನ ಮೈಯಾಗ ಕೆಲವು ಪದಕ್ಕ ಹಮಾಲರು ದಂಡಿ ಅದಾರ, ಕೂಗಿದ ಕೂಡ್ಲೇ ಇಟ್ಟಂಗಿ ಬರ್ತದ. ಕೆಲವು ಪದಕ್ಕ ಒಬ್ಬನ ಮುದುಕ. ಅವ ಬೀಡಿ ಸೇದಿ, ಕೆಮ್ಮಿ, ಎದ್ದು ಬರೂತನಕ ಗೌಂಡಿ ಕೈ ಕಟ್ಗೊಂಡು ನಿಂದ್ರಬೇಕು."

"ಮನಿ ಅಂತೂ ಏಳತದಲ್ಲ?"

"ಏಳತದ. ಅದ ಮನಿ, ಅದ ಗ್ವಾಡಿ. ಆದ್ರ ನಿಧಾನಕ್ಕ ಏಳತದ. ಅಷ್ಟೊತ್ತಿಗೆ ಬಾತಿನ ಮೈ ಎಚ್ಚರಾಗಿ ಕಳ್ಳನ್ನ ಹಿಡಿದಿರ್ತದ."

ನೀವು ಮಾಡಿದ್ದು ಇದನ್ನು ಎಂದು ರಜಿಯಾ ಹೇಳಿದಳು. ವೈರಾಣುವಿಗೆ ರೂಢಿಯಾಗಿದ್ದ ಪದಗಳನ್ನು ತೆಗೆದು, ಅದೇ ಅರ್ಥದ, ಹಮಾಲರು ಕಡಿಮೆ ಇರುವ ಪದಗಳನ್ನು ನೂರಾರು ಕಡೆ ಇಟ್ಟಿರಿ. ಅದರ ಆಯುಧ ಒಂದನ್ನೂ ಕಿತ್ತುಕೊಳ್ಳಲಿಲ್ಲ, ನಡಿಗೆ ಮಾತ್ರ ನಿಧಾನ ಮಾಡಿದಿರಿ. ವೈರಾಣು ತನ್ನನ್ನು ತಾನು ನಕಲು ಮಾಡುವಾಗ ಎಲ್ಲೋ ಒಂದು ಅಕ್ಷರ ತಪ್ಪುತ್ತದೆ. ಆ ತಪ್ಪಿನಲ್ಲಿ ಒಂದು ಪದ ಹಳೆಯ ಪದಕ್ಕೆ ತಿರುಗಿದರೆ ಆ ನಕಲು ಕೂದಲೆಳೆಯಷ್ಟು ಚುರುಕು. ಹರ್ಪಿಸ್ ಜಾತಿಯವು ಬೇಗ ಬದಲಾಗುವವಲ್ಲ, ಬಿಟ್ಟಿದ್ದರೆ ಸಾವಿರ ವರ್ಷವಾದರೂ ಹೀಗಾಗುತ್ತಿರಲಿಲ್ಲವೇನೋ. ನಾವು ಬಿಡಲಿಲ್ಲ. ಪ್ರತಿ ವರ್ಷ, ಪ್ರತಿ ಗುಡ್ಡದಲ್ಲಿ, ಎಲ್ಲಕ್ಕಿಂತ ಚುರುಕಾದದ್ದನ್ನು ಹುಡುಕಿ, ಹೊಗಳಿ, ಬುಟ್ಟಿಯಲ್ಲಿಟ್ಟು ಮನೆ ಮನೆಗೆ ಮುಟ್ಟಿಸಿದೆವು. ನಿಮ್ಮ ನಿಧಾನದ ಪದಗಳು ಒಂದೊಂದಾಗಿ ಉದುರಿದವು. ನಮ್ಮ ಕೊಪ್ಪದ ಹೆಪ್ಪಿನಲ್ಲಿ ಈಗ ಅವು ಹೆಚ್ಚು ಉಳಿದಿಲ್ಲ. ಅದು ಪ್ಲೇಗಿಗೆ ಲಸಿಕೆಯಾಗಿ ಉಳಿದಿಲ್ಲ, ಪ್ಲೇಗೇ ಆಗಿದೆ. ನಮ್ಮ ಬಾತುಗಳು ಅದರ ಜೊತೆಗೇ ತಲೆಮಾರು ತಲೆಮಾರಾಗಿ ಬೆಳೆದು ಗಟ್ಟಿಯಾಗಿವೆ, ಅದಕ್ಕೇ ಬದುಕಿವೆ. ಆದರೆ ಪ್ರತಿಯೊಂದರ ನರಗಳಲ್ಲೂ ಅದು ಮಲಗಿದೆ, ಸಾಯುವ ತನಕ ಹೋಗುವುದಿಲ್ಲ.

ಕೊನೆಗೆ ಕೇಳಿದೆ. "ಯಂಕೋಬ ಎಲ್ಲಿ ತಪ್ಪಿದ?"

"ಅವ ಏನೂ ತಪ್ಪು ಮಾಡಲಿಲ್ಲವ್ವಾ. ಎಲ್ಲಾರಿಗಿಂತ ಚೊಲೋ ಮಾಡಿದ. ಅದ ತ್ರಾಸ ಆತು."

ಅವಳು ಕೇಳಿದ್ದು ಇಷ್ಟು. ಮಾರೆವ್ವ ಕೆಳನಾಡಿನಿಂದ ಮೊಟ್ಟೆ ತರಿಸಿ ಕಾವು ಕೊಟ್ಟು ಮರಿ ಮಾಡಿದ್ದಾಳೆ. ಈ ಸುತ್ತಮುತ್ತಲಲ್ಲಿ ಯಾವ ಹೆಪ್ಪೂ ಮುಟ್ಟದ ಮರಿಗಳು ಅವು ಮಾತ್ರ. ನಿಮ್ಮ ಹಾಗೆ ರಜಿಯಾ ವೈರಾಣುವನ್ನು ಮತ್ತೆ ನಿಧಾನದ ಪದಗಳಲ್ಲಿ ಬರೆಯಬಲ್ಲಳು, ಎರಡು ಮಳೆಗಾಲ ಬೇಕು. ಬರೆದದ್ದು ಸರಿಯೋ ತಪ್ಪೋ ನೋಡಲು ಮುಟ್ಟದ ಬಾತುಗಳು ಬೇಕು. ಅವುಗಳಿಗೆ ನಮ್ಮ ಹೆಪ್ಪು ತಾಗಬಾರದು. ಅದಕ್ಕಾಗಿ ನಮ್ಮ ಕೊಪ್ಪದ ಬಾತುಗಳು ಇರಬಾರದು.

"ಅಷ್ಟರಾಗ ಹೊರಗಿನ ಪ್ಲೇಗು ಬಂದು ಆ ಮರಿಗೊಳಿಗೆ ಹತ್ತಿದ್ರ?"

"ಹತ್ತಬಹುದು."

"ಹತ್ತಬಹುದು ಅಂದ್ರ?"

"ಹತ್ತಬಹುದು ಅಂದ್ರ ಹತ್ತಬಹುದು, ಹುಲಿಗೆವ್ವಾ. ನಾ ಸುಳ್ಳು ಹೇಳಾಕ ಬಂದಿಲ್ಲ. ಹೆಪ್ಪು ಕೊಟ್ರ ಮಾತ್ರ ಸಾಯೂದು ಗ್ಯಾರಂಟಿ."

ಗುಡ್ಡದ ಕಟ್ಟೆಗೆ ಹೋಗಿ ಹೇಳಿದೆಯಾ ಎಂದು ಕೇಳಿದೆ. ಹೇಳಿದ್ದಳಂತೆ. ಶರಭಪ್ಪ, "ಸತ್ತವನ ಮ್ಯಾಲ ಹಾಕಿದ್ರ ಅವ ಎದ್ದು ಬಂದು ಜವಾಬು ಕೊಡೂದಿಲ್ಲ ಅಂತ ಗೊತ್ತೈತಲ್ಲ ನಿಮಗ" ಎಂದನಂತೆ. ರಜಿಯಾ ಒಂದು ಡಬ್ಬಿ ಮದ್ದು ನನ್ನ ಅಡುಗೆಮನೆಯ ಗೂಡಿನಲ್ಲಿಟ್ಟು, ತಿಂದ ಬಾತು ಒದ್ದಾಡದೆ ಸಾಯುತ್ತದೆ ಎಂದು ಹೇಳಿ ದೋಣಿ ಹತ್ತಿದಳು.

ಮಾರೆವ್ವ ಬಂದಾಗ ನಾನು ಅಲ್ಲೇ ಕೂತಿದ್ದೆ. ಅವಳ ಮುಖದಲ್ಲಿ ಬಹಳ ದಿನಗಳ ಮೇಲೆ ಗೆಲುವಿತ್ತು.

"ವೈನಿ, ಗರಿ ಮೊಳತಾವ! ನಾಳೆ ಹೊತ್ತು ಮೂಡೂಕಿಂತ ಮೊದ್ಲ ಬುಟ್ಟಿ ತರ್ತೀನಿ. ಮೂರು ಗುಡ್ಡದವರಿಗೆ ಮಾತು ಕೊಟ್ಟೀನಿ, ಹೆಪ್ಪು ಹಿಡದ ಮ್ಯಾಲ ಎಲ್ಲಾರ ಮನಿಗೂ ನಾಕ್ ನಾಕ್ ಮರಿ. ಕರ್ಕಿಗುಡ್ಡದವ್ರೂ ತಿರುಗಿ ಬರ್ತಾರಂತ."

ನಾನು ಹೇಳಿದೆ. ರಜಿಯಾ ಹೇಳಿದ ಹಾಗೆ ಹೇಳಲು ಬರಲಿಲ್ಲ. ಹಮಾಲರು, ಇಟ್ಟಿಗೆ ಎಲ್ಲ ಗೊಂದಲವಾಯಿತು. ಅವಳು ಕೇಳುತ್ತಾ ಕೇಳುತ್ತಾ ಎದ್ದು ನಿಂತಳು.

"ಅಣ್ಣ ಸತ್ತು ವರ್ಷ ತುಂಬಿಲ್ಲ, ಅವನ ಹೆಪ್ಪು ವಿಷ ಅಂತೀಯಾ? ಯಾರು ಕಿವಿ ತುಂಬ್ಯಾರ ನಿಂಗ? ಎಲ್ಲಾರ ಬಾತು ಸತ್ವು, ಅವನವು ಉಳದ್ವು. ಇದಕ್ಕಿಂತ ಏನ್ ಸಾಕ್ಷಿ ಬೇಕು?"

"ಅವು ಹುಟ್ಟಿದಾಗಿಂದ ಅದರ ಜೋಡಿ ಬೆಳದಾವ ಮಾರೆವ್ವ. ನಿನ್ನ ಮರಿ ಹಂಗಲ್ಲ. ಒಂದೂ ಉಳಿಯೂದಿಲ್ಲ."

"ಹೆಪ್ಪಿಲ್ಲದ ಮರಿ ಯಾವತ್ತು ಉಳದಾವ ಹೇಳು. ನೀ ಕಂಡೀಯೇನು? ನಿಮ್ಮವ್ವ ಕಂಡಾಳೇನು?"

ಕಂಡಿಲ್ಲ.

"ನಾಳೆ ಬುಟ್ಟಿ ಇಡ್ತೀನಿ. ನಮ್ಮಣ್ಣನ ಮನಿ ಬಾಗಲದಾಗ ನಿಂತು ಇಲ್ಲ ಅನ್ನು, ಕೇಳತೀನಿ," ಎಂದು ಅಳುತ್ತಲೇ ಹೋದಳು. ಅವಳನ್ನು ನಾನು ಈ ಮನೆಗೆ ಬಂದಾಗಿನಿಂದ ಬಲ್ಲೆ. ಜಡೆ ಹಾಕಿದ್ದೇನೆ, ಬಾಣಂತನ ಮಾಡಿದ್ದೇನೆ. ಅವಳು ಬುಟ್ಟಿ ಇಟ್ಟರೆ ಇಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ. ಇದು ನನಗೆ ಗೊತ್ತು, ಅವಳಿಗೂ ಗೊತ್ತು. ಬಾತುಗಳು ಕೊಪ್ಪದಲ್ಲಿ ಇರುವ ತನಕ ನಾನು ಕೊಟ್ಟೇಬಿಡುತ್ತೇನೆ.

ಆದ್ದರಿಂದ ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಲಸಿಕೆ ಮಾಡಬೇಡಿ ಎನ್ನುತ್ತಿಲ್ಲ, ಅದರಿಂದ ನಾವು ಮೂರು ತಲೆಮಾರು ಉಂಡೆವು. ಸೀಸೆಯ ಮೇಲೆ ಎಷ್ಟು ಹನಿ, ಯಾವಾಗ ಎಂದು ಬರೆದಿದ್ದರಂತೆ. ಅದು ಯಾಕೆ ನಿಧಾನ ಎಂದು ಬರೆದಿರಲಿಲ್ಲ. ಬರೆಯಿರಿ. ಬಾತು ಹಿಡಿಯುವವರ ಮಾತಿನಲ್ಲಿ ಬರೆಯಿರಿ. ತಡವಾಗಿ ಹಿಡಿಯುವುದೇ ಒಳ್ಳೆಯದು, ಬೇಗ ಹಿಡಿದದ್ದನ್ನು ಆರಿಸಬೇಡಿ ಎಂದು ಬರೆಯಿರಿ. ಕಾಗದ ಕೊಳೆಯುತ್ತದೆ, ಕಲ್ಲಿನ ಮೇಲೆ ಬರೆಯಿರಿ, ನಮ್ಮಲ್ಲಿ ಕಲ್ಲು ಬೇಕಾದಷ್ಟಿದೆ. ಒಂದು ಸಾಲು ಸಾಕಿತ್ತು. ನನ್ನ ಗಂಡ ಓದು ಬಲ್ಲವನು. ಆ ಒಂದು ಸಾಲು ಕಂಡಿದ್ದರೆ ದಾರವನ್ನು ಬೇರೆ ಬಾತಿನ ಕಾಲಿಗೆ ಕಟ್ಟುತ್ತಿದ್ದ.

ಇಲ್ಲಿಗೆ ನಿಲ್ಲಿಸಿ ಎದ್ದು ಹೋಗಿದ್ದೆ. ಈಗ ಏಳು ಗಂಟೆ, ಇನ್ನೂ ಬೆಳಕಿದೆ.

ನುಚ್ಚು ಬೇಯಿಸಿ ಆರಿಸಿ ಮದ್ದು ಕಲಸಿದೆ. ಬಾತುಗಳು ನೀರಿನಲ್ಲಿದ್ದವು. ನಾನು ಕರೆದರೆ ಅವು ಬರುವುದಿಲ್ಲ, ಮೊದಲಿನಿಂದಲೂ ನನಗೆ ಸೊಪ್ಪು ಹಾಕುವುದಿಲ್ಲ. ಆಮೇಲೆ ಯಂಕೋಬ ಕರೆಯುತ್ತಿದ್ದ ಹಾಗೆ, ಗಂಟಲಿನಿಂದ, ಬ್ಬೋ ಬ್ಬೋ ಬ್ಬೋ ಎಂದು ಕರೆದೆ. ಎಲ್ಲವೂ ಒಮ್ಮೆಲೇ ಕತ್ತೆತ್ತಿದವು. ಸಾಲಾಗಿ ದಂಡೆ ಹತ್ತಿ, ಒಂದನ್ನೊಂದು ನೂಕುತ್ತಾ ಓಡಿ ಬಂದವು. ನನ್ನ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ಆಚೀಚೆ ನೋಡಿದವು. ಆಮೇಲೆ ತಿಂದವು. ರಜಿಯಾ ಹೇಳಿದಂತೆ ಒದ್ದಾಡಲಿಲ್ಲ, ಅಷ್ಟು ನಿಜ. ಕೊಪ್ಪಕ್ಕೆ ಬೆಂಕಿ ಹಿಡಿಸಲು ಆಗಲಿಲ್ಲ, ಕೋಲುಗಳು ನೆನೆದಿವೆ. ಸುಣ್ಣ ಸುರಿದು ಬಂದಿದ್ದೇನೆ.

ಮಾಡಿದ್ದು ಸರಿಯೋ ಅಲ್ಲವೋ ನನಗೆ ತಿಳಿಯದು. ರಜಿಯಾ ತಪ್ಪು ಓದಿದ್ದರೆ ನಿಲುನೀರಿನ ಕೊನೆಯ ಹೆಪ್ಪನ್ನು ನಾನೇ ಕೊಂದಿದ್ದೇನೆ. ಸರಿಯಾಗಿಯೇ ಓದಿದ್ದರೂ ಮಾರೆವ್ವ ಇನ್ನು ನನ್ನ ಮುಖ ನೋಡುವುದಿಲ್ಲ. ನಿಮ್ಮ ಕಾಲದಲ್ಲಿ ನಮ್ಮ ಬಯಲು ಇನ್ನೂ ಬಯಲಾಗಿರಬೇಕು. ಅಲ್ಲಿ ಬಾತು ಮೇಯಿಸುವವರು ಕಂಡರೆ ಒಂದು ಮಾತಾಡಿಸಿ.

ಹೊತ್ತು ಮೂಡುವ ಮೊದಲು ಮಾರೆವ್ವ ಬುಟ್ಟಿ ತರುತ್ತಾಳೆ. ನಾಳೆ ನನ್ನ ಮನೆಯಲ್ಲಿ ಬಾತು ಇಲ್ಲ.